ತಪ್ಪೆಲ್ಲ ಮಗ್ಗದ್ದು

ತಾನು ಕೆಟ್ಟವನಲ್ಲ ಎಂಬುದು ಮೇಸ್ತ್ರಿಗೆ ಬೆಳಿಗ್ಗೆ ಹಲ್ಲುಜ್ಜುವಾಗ ಮತ್ತೊಮ್ಮೆ ಖಚಿತವಾಯಿತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಕನ್ನಡಿಯಲ್ಲಿ ನಕ್ಕ. ನೊರೆ ಗಲ್ಲದಿಂದ ಇಳಿದು ಒಗೆದ ಬನಿಯನ್ನಿಗೆ ಮೆತ್ತಿಕೊಂಡಿತು. ಅದಕ್ಕೂ ಸಿಟ್ಟು ಬರಲಿಲ್ಲ. ನೋಡಿದೆಯೇನಯ್ಯ, ಎಂದು ಕನ್ನಡಿಯೊಳಗಿನವನನ್ನು ಕೇಳಿದ. ಹಿಂದೆಲ್ಲ ಆಗಿದ್ದರೆ ಬ್ರಷ್ಷು ಇಷ್ಟು ಹೊತ್ತಿಗೆ ಗೋಡೆಗೆ ಬಡಿದು ಎರಡು ತುಂಡಾಗಿರುತ್ತಿತ್ತು. ಮಿಲ್ಲಿನ ನೇಯ್ಗೆ ಶೆಡ್ಡು ನಿಂತು ಕೆಲವು ವಾರಗಳಾಗಿದ್ದವು. ನೆಲ ಬಿರುಕು ಬಿಟ್ಟಿದೆ, ಮಗ್ಗಗಳನ್ನೆಲ್ಲ ಎತ್ತಿ ಅಡಿಪಾಯ ಹೊಸದಾಗಿ ಹಾಕಬೇಕು ಎಂದು ಎಲ್ಲರನ್ನೂ ಮನೆಗೆ ಕಳಿಸಿದ್ದರು. ಉಳಿದವರು ತಲೆಯ ಮೇಲೆ ಕೈ ಹೊತ್ತು ಕೂತರೆ, ಆ ಶೆಡ್ಡಿನ ಕೆಟ್ಟ ಮಗ್ಗಗಳನ್ನೆಲ್ಲ ರಿಪೇರಿ ಮಾಡುವ ಮೇಸ್ತ್ರಿ ಮಾತ್ರ ದಿನದಿಂದ ದಿನಕ್ಕೆ ಅರಳುತ್ತಿದ್ದ. ಮಲಗಿದ ಕೂಡಲೇ ನಿದ್ದೆ ಬರುತ್ತಿತ್ತು. ತಲೆಯ ಹಿಂಭಾಗದಲ್ಲಿ ಸದಾ ಬಿಗಿದುಕೊಂಡಿರುತ್ತಿದ್ದ ಏನೋ ಒಂದು ಸಡಿಲಾಗಿತ್ತು. ಹಾಲಿನವಳು ಮೊನ್ನೆ ಬಾಗಿಲಲ್ಲಿ ಪಾತ್ರೆ ಜಾರಿಸಿ ಹಾಲು ಚೆಲ್ಲಿದಾಗ ಅವನೇ ಬಟ್ಟೆ ತಂದು ಒರೆಸಿದ. ಅವಳು ಹೆದರಿ ಎರಡು ಹೆಜ್ಜೆ ಹಿಂದೆ ಸರಿದದ್ದು ಅವನಿಗೆ ಕಾಣಿಸಿತು. ಪಾಪ, ಅವಳಿಗಿನ್ನೂ ಸುದ್ದಿ ಗೊತ್ತಿಲ್ಲ, ಅಂದುಕೊಂಡ.

ಸುದ್ದಿ ಹೇಳಿದ್ದು ಡಾಕ್ಟರಮ್ಮ. ಶೆಡ್ಡು ನಿಲ್ಲುವ ಮುನ್ನ ಸದ್ದು ಅಳೆಯುವ ಒಂದು ಸಣ್ಣ ಯಂತ್ರ ಹಿಡಿದುಕೊಂಡು ಮಗ್ಗಗಳ ನಡುವೆ ಓಡಾಡಿದ್ದಳು. ಹುಡುಗಿಯ ಪ್ರಾಯ, ಕಿವಿಗೆ ದಪ್ಪನೆಯ ಮುಚ್ಚಳ. ಆಮೇಲೆ ಕ್ಯಾಂಟೀನಿನಲ್ಲಿ ಒಬ್ಬೊಬ್ಬರನ್ನೇ ಕರೆದು ಕೂರಿಸಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಸದ್ದು ಕೇಳಿದಾಗಲೆಲ್ಲ ಈ ಬಟನ್ ಒತ್ತಿ ಎಂದಳು. ಮೇಸ್ತ್ರಿಗೆ ಏನೂ ಕೇಳಿಸಲಿಲ್ಲ. ಆದರೆ ಅವಳ ಬೆರಳು ಸದ್ದು ಬಿಡುವ ಪೆಟ್ಟಿಗೆಯ ಮೇಲೆ ಅಲುಗುವುದು ಕಾಣುತ್ತಿತ್ತು. ಅದು ಅಲುಗಿದಾಗಲೆಲ್ಲ ಇವನು ಒತ್ತಿದ. ಶೆಡ್ಡಿನವರ ಬುದ್ಧಿಯೇ ಹಾಗೆ, ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿ ವರ್ಷಗಳಾಗಿರುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನಕ್ಕು, ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕಿರಬೇಕು. ಗೋಡೆ ನೋಡುತ್ತ, ಬಟನ್ ಹಿಡಿದು, ಏನೂ ಕೇಳಿಸದೆ, ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ ಕೂತಿದ್ದ ಆ ಹೊತ್ತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೆ ಅದರ ನಂತರ ಬಂದದ್ದು ಎಲ್ಲವನ್ನೂ ತೊಳೆದು ಹಾಕಿತು. ರಕ್ತದೊತ್ತಡ ನೋಡಿದಳು. ನಿದ್ದೆ ಹೇಗೆ ಎಂದಳು. ಮನೆಯಲ್ಲಿ ಸಿಟ್ಟು ಬರುತ್ತದೆಯೇ ಎಂದಳು. ಅವನು ಚಹಾ ಬಿದ್ದು ಕಲೆಯಾಗಿದ್ದ ಮೇಜು ನೋಡಿದ. ಆಗ ಅವಳು ಬಿಡಿಸಿ ಹೇಳಿದಳು: ಇಷ್ಟು ದೊಡ್ಡ ಸದ್ದನ್ನು ಮೈ ಶತ್ರು ಎಂದೇ ತಿಳಿಯುತ್ತದೆ, ಎದೆ ಜಗಳಕ್ಕೆ ನಿಂತವರ ಹಾಗೆ ಬಡಿದುಕೊಳ್ಳುತ್ತದೆ, ಮನೆಗೆ ಹೋದ ಮೇಲೂ ಎಷ್ಟೋ ಹೊತ್ತು ಅದು ಇಳಿಯುವುದಿಲ್ಲ, ಸಿಟ್ಟಿಗೆ ಇದೂ ಒಂದು ಕಾರಣ. ಅವಳು ಒಂದು ಕಾರಣ ಎಂದೇ ಹೇಳಿದ್ದಳು. ಆ ‘ಒಂದು’ ಕ್ಯಾಂಟೀನಿನ ಬಾಗಿಲು ದಾಟುವಷ್ಟರಲ್ಲಿ ಎಲ್ಲೋ ಉದುರಿಹೋಯಿತು. ಹೊರಗೆ ಬಿಸಿಲಿಗೆ ಬಂದಾಗ ಅವನ ಬಳಿ ಉಳಿದಿದ್ದದ್ದು ಕಾರಣ ಮಾತ್ರ, ದುಂಡಗೆ, ಇಡಿಯಾಗಿ. ಹಾಗಾದರೆ ನಾನಲ್ಲ! ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಇವತ್ತು ಆ ಸಂತೋಷವನ್ನು ತೆಗೆದುಕೊಂಡು ಹೋಗಿ ಹೆಂಡತಿಯ ಮುಂದೆ ಇಡಬೇಕು. ಅವಳು ಮಗಳನ್ನು ಕರೆದುಕೊಂಡು ತಂಗಿಯ ಮನೆ ಸೇರಿ ಎರಡು ತಿಂಗಳ ಮೇಲಾಗಿತ್ತು. ಇಷ್ಟು ದಿನ ಹೋಗದೆ ಇದ್ದದ್ದು ಹೇಳಲು ಏನೂ ಇಲ್ಲದ್ದರಿಂದ. ಕೈ ಮುರಿದ ಹೆಂಡತಿಯ ಮುಂದೆ ಗಂಡ ಯಾವ ಮುಖ ಹೊತ್ತು ನಿಲ್ಲುತ್ತಾನೆ? ಈಗ ಹಾಗಲ್ಲ, ಈಗ ಕೈಯಲ್ಲಿ ಕಾರಣ ಇದೆ, ಅದು ನಿಜವೆಂದು ತೋರಿಸಲು ಇಷ್ಟು ವಾರಗಳ ಶಾಂತಿಯೂ ಇದೆ. ಸೋಮವಾರ ಶೆಡ್ಡು ಮತ್ತೆ ಶುರು. ಅದರೊಳಗೆ ಇಬ್ಬರೂ ಮನೆಗೆ ಬಂದುಬಿಡಬೇಕು. ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಟವನನ್ನು ಪಕ್ಕದ ಮನೆಯ ದರ್ಜಿ ತಡೆದ. ಎಲ್ಲಿಗೆ ಸವಾರಿ ಎಂದು ಕೇಳಿದ ತಪ್ಪಿಗೆ ಪಾಪ ಆತ ದಾರ ಬಾಯಲ್ಲಿ ಕಚ್ಚಿಕೊಂಡೇ ಇಡೀ ವಿಷಯ ಕೇಳಬೇಕಾಯಿತು. ಮೈ, ಎದೆಬಡಿತ, ಶತ್ರು, ಎಲ್ಲ. ಕೊನೆಗೆ ದಾರ ತೆಗೆದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದ. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮ ಶೆಡ್ಡಲ್ಲಿ ನೆಲ ನಿಜವಾಗಲೂ ಡೊಂಕು ಮಾರಾಯ, ಅದಕ್ಕೇ ಅಲ್ಲವೇ ನಿಲ್ಲಿಸಿದ್ದು, ಎಂದ. ದರ್ಜಿ ದಾರವನ್ನು ಮತ್ತೆ ಬಾಯಲ್ಲಿ ಕಚ್ಚಿಕೊಂಡ. ಯುದ್ಧದ ಮೊದಲ ಗೆಲುವು ಇದು ಎಂದುಕೊಂಡು ಮೇಸ್ತ್ರಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಒಮ್ಮೆ ಕಾರಣವೆಂಬ ಆ ಕೀಲಿಕೈ ಕೈಗೆ ಬಂದ ಮೇಲೆ ಅದು ಯಾವ ಬೀಗಕ್ಕೂ ಹೊಂದುತ್ತಿತ್ತು. ಕಂಡಕ್ಟರ್ ಒಬ್ಬ ಮುದುಕಿಯನ್ನು ಗದರಿದ. ಇಡೀ ದಿನ ನಿಂತು ನಿಂತು ಕಾಲು ಬಾತಿರುತ್ತದೆ, ಗದರುವುದು ಅವನಲ್ಲ, ಅವನ ಕಾಲು. ದರ್ಜಿ ಜಿಪುಣ; ಅಷ್ಟು ಮಂದ ಬೆಳಕಿನಲ್ಲಿ ಜೀವಮಾನವಿಡೀ ಅಂಗುಲ ಅಂಗುಲ ಬಟ್ಟೆ ಉಳಿಸಿದವನು ಇನ್ನೇನಾದಾನು. ಆಸ್ಪತ್ರೆಯ ಮುಂದೆ ಸಾಲುಗಟ್ಟಿದವರ ಕೆಮ್ಮು ಅವರದಲ್ಲ, ಹೊಗೆಯದು. ಶಾಲೆಯ ಗೋಡೆ ಹಾರುತ್ತಿದ್ದ ಹುಡುಗರ ತುಂಟತನ ಅವರದಲ್ಲ, ಗಾಳಿಯಾಡದ ಕೋಣೆಯದು. ಮ್ಯಾನೇಜರನನ್ನೂ ಅವನು ಕ್ಷಮಿಸಿಬಿಟ್ಟ. ಒಮ್ಮೆ ಆ ಮನುಷ್ಯ ನೂಲು ಹಾರಿ ಹಾಳಾದ ಬಟ್ಟೆಯನ್ನು ನೇಯುವವರೆಲ್ಲರ ಎದುರಿಗೆ ಮೇಸ್ತ್ರಿಯ ಮುಖಕ್ಕೆ ಎಸೆದಿದ್ದ. ಅವನಿಗೂ ಮೇಲಿನಿಂದ ಒತ್ತಡ, ಗಾಜಿನ ಗೂಡಿನಲ್ಲಿ ಕೂತವನು, ಎಲ್ಲ ಕಡೆಯಿಂದಲೂ ಕಾಣುತ್ತಿರುವವನು. ಹಾಗಾದರೆ ಲೋಕದಲ್ಲಿ ತಪ್ಪು ಮಾಡಿದವರೇ ಯಾರೂ ಇಲ್ಲವಲ್ಲ! ಈ ಯೋಚನೆ ಎಷ್ಟು ಜೋರಾಗಿ ಬಂತೆಂದರೆ ಪಕ್ಕದಲ್ಲಿ ಚೀಲ ಹಿಡಿದು ಕೂತಿದ್ದವನ ತೊಡೆಗೆ ತಟ್ಟಿ ಅದನ್ನು ಹೇಳಿಯೇಬಿಟ್ಟ. ತನ್ನ ದನಿ ತನಗೆ ಪಿಸುಮಾತಿನಂತೆ ಕೇಳಿಸಿತು. ಮುಂದಿನ ಸೀಟುಗಳಿಂದ ತಲೆಗಳು ತಿರುಗಿದ್ದು ನೋಡಿ, ಓ, ಕಿರುಚಿದೆ, ಎಂದು ತಿಳಿಯಿತು. ಚೀಲದವನು ಮುಂದಿನ ನಿಲ್ದಾಣದಲ್ಲಿ ಇಳಿದು ಹೋದ. ಇರಲಿ, ಕಿವಿಯ ತಪ್ಪು.

ಶೆಡ್ಡಿನಲ್ಲಿ ದನಿಗೆ ಕೆಲಸವೇ ಇರಲಿಲ್ಲ. ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವನು ಕಿವಿಯಲ್ಲಿ ಕೂಗಿದರೂ ಕೇಳಿಸದು. ಅಲ್ಲಿ ಮಾತಾಡುವುದು ತುಟಿಯಿಂದ. ತುಟಿಯನ್ನು ಅಗಲಿಸಿ, ನಿಧಾನವಾಗಿ, ದನಿಯಿಲ್ಲದೆ. ಹೊಸಬರಿಗೆ ಅದು ಮೀನುಗಳ ಸಭೆಯಂತೆ ಕಾಣುತ್ತದೆ. ಅವಳು, ಮುಂದೆ ಅವನ ಹೆಂಡತಿಯಾದವಳು, ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದಳು. ಒಂದು ಕೆಟ್ಟಿತೆಂದು ಕೈಯೆತ್ತಿದಾಗ ಇವನು ಸ್ಪ್ಯಾನರ್ ಹಿಡಿದು ಹೋದ, ಸರಿಮಾಡಿದ, ಮಾರನೆಯ ದಿನ ಕೆಡದ ಮಗ್ಗವನ್ನೂ ಸರಿಮಾಡಲು ಹೋದ. ಮಗ್ಗ ಚೆನ್ನಾಗೇ ಇದೆ, ಕೆಟ್ಟಿರುವುದು ಮೇಸ್ತ್ರಿಯ ತಲೆ ಎಂದು ಅವಳ ತುಟಿ ಅಷ್ಟು ದೂರದಿಂದ ಹೇಳಿತು. ಮದುವೆಯಾಗಿ ಒಂದು ವಾರವಾಗುವವರೆಗೆ ಅವಳ ದನಿ ಸಣ್ಣದೋ ದಪ್ಪವೋ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಆ ದನಿ ಅಷ್ಟು ಇಷ್ಟವಾಗಿತ್ತಲ್ಲ, ಅದನ್ನು ಯಾವಾಗ ಸಹಿಸಲಾರದೆ ಹೋದೆ? ಶೆಡ್ಡಿನಿಂದ ಬಂದ ಮೇಲೆ ಪಾತ್ರೆಯ ಸದ್ದಾಗಬಾರದು, ಕುರ್ಚಿ ಎಳೆಯಬಾರದು, ಜೋರಾಗಿ ನಗಬಾರದು. ತಾಯಿ ಮಗಳು ಮನೆಯಲ್ಲೂ ಶೆಡ್ಡಿನ ಮಾತು ಕಲಿತರು. ಅಡುಗೆಮನೆಯಲ್ಲಿ ಎದುರುಬದುರು ನಿಂತು ತುಟಿಯಲ್ಲೇ ದಿನದ ಸುದ್ದಿಯೆಲ್ಲ ಹೇಳಿಕೊಳ್ಳುತ್ತಿದ್ದರು. ಅವಳ ಕೈ ಮುರಿದ ಆ ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಂಡದ್ದು ಅದು: ಇಬ್ಬರ ತುಟಿಗಳು ಆಡುತ್ತಿದ್ದವು, ಮಗಳು ಬಾಯಿಗೆ ಕೈ ಮುಚ್ಚಿಕೊಂಡು ನಗುತ್ತಿದ್ದಳು, ಅವನನ್ನು ಕಂಡ ಕೂಡಲೇ ಎರಡು ಬಾಯಿಗಳೂ ಮುಚ್ಚಿಕೊಂಡವು. ನನ್ನ ಮನೆಯಲ್ಲಿ ನನ್ನಿಂದ ಮುಚ್ಚಿಟ್ಟು ನನ್ನನ್ನೇ ಆಡಿಕೊಳ್ಳುತ್ತಾರೆ. ಅವನು ಹೆಂಡತಿಯನ್ನು ದೂಡಿದ. ದೂಡಿದ್ದಷ್ಟೇ. ಬಾಗಿಲ ಚೌಕಟ್ಟು ಅಲ್ಲಿರಬೇಕೇ? ಅವನಿಗೆ ಸದ್ದಾಗಬಾರದೆಂದೇ ಅವರು ದನಿಯಿಲ್ಲದೆ ಮಾತಾಡುತ್ತಿದ್ದರು ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಈಗ ಹೊಳೆದರೂ ಅಡ್ಡಿಯಿಲ್ಲ. ಹೊಳೆಯದಂತೆ ಮಾಡಿದ್ದು ಮಗ್ಗ. ಇಳಿಯುವ ನಿಲ್ದಾಣ ಬಂತು.

ಷಡ್ಡಕನದು ಕನ್ನಡಕದ ಅಂಗಡಿ; ಮುಂದಿನ ಕೋಣೆಯೇ ಅಂಗಡಿ, ಹಿಂದೆ ಮನೆ. ಎತ್ತರದ ದನಿಯಲ್ಲಿ ಒಂದು ಮಾತಾಡಿದ್ದನ್ನು ಯಾರೂ ಕೇಳದ ಆ ಮನುಷ್ಯನನ್ನು ಮೇಸ್ತ್ರಿ ಮೊದಲಿನಿಂದಲೂ ಸಪ್ಪೆ ಎಂದೇ ಕರೆಯುತ್ತಿದ್ದದ್ದು. ಇವತ್ತು ಅವನ ಮೇಲೂ ಅಕ್ಕರೆ ಬಂತು. ನುಣ್ಣನೆ ಗಾಜು ಉಜ್ಜುತ್ತ ಈ ನಿಶ್ಶಬ್ದದಲ್ಲಿ ಕೂತರೆ ಯಾರು ತಾನೇ ಸಪ್ಪೆಯಾಗುವುದಿಲ್ಲ? ಒಳ್ಳೆಯತನವೂ ಅವನದಲ್ಲ, ಕೋಣೆಯದು. ಷಡ್ಡಕ ಇವನನ್ನು ನೋಡಿ ಎದ್ದು ನಿಂತ, ಬನ್ನಿ ಎನ್ನಲೋ ಬೇಡವೋ ಎಂದು ಒಳಬಾಗಿಲ ಕಡೆ ನೋಡಿದ. ನಾದಿನಿ ಬಂದಳು, ನೀರು ತಂದಿಟ್ಟಳು, ಮುಖ ಮಾತ್ರ ಕೊಡಲಿಲ್ಲ. ಮಗಳು ಬಂದು ಮೇಜಿನ ಆ ಬದಿಯ ಸ್ಟೂಲಿನಲ್ಲಿ ಕೂತಳು. ಎತ್ತರವಾಗಿದ್ದಾಳೆ, ಅಥವಾ ನೆಟ್ಟಗೆ ಕೂರುತ್ತಿದ್ದಾಳೆ. ಕೊನೆಗೆ ಹೆಂಡತಿ. ಬ್ಯಾಂಡೇಜು ತೆಗೆದಿದ್ದರು. ಮಣಿಕಟ್ಟು ಒಂದು ಚೂರು ಪಕ್ಕಕ್ಕೆ ವಾಲಿತ್ತು. ಬೆರಳಿಗೆ ಕಸುವು ಬರಲೆಂದು ಬಟ್ಟೆಯ ಉಂಡೆಯೊಂದನ್ನು ಹಿಡಿದು ಒತ್ತುತ್ತ, ಬಿಡುತ್ತ ಬಂದು ಗೋಡೆಗೆ ಒರಗಿ ನಿಂತಳು. ಮೇಸ್ತ್ರಿಯ ಎದೆ ಡವಗುಟ್ಟಿತು. ಇದು ಹೆದರಿಕೆಯಲ್ಲ, ಉಡುಗೊರೆ ತಂದವನ ಆತುರ.

ಅವನು ಹೇಳಿದ. ಕೂತು ಶುರುಮಾಡಿದವನು ಎದ್ದು ನಿಂತ, ನಿಂತವನು ಓಡಾಡತೊಡಗಿದ. ಡಾಕ್ಟರಮ್ಮನನ್ನು ತಂದ, ಅವಳ ಯಂತ್ರ ತಂದ, ಎದೆಬಡಿತ ಮೇಜು ತಟ್ಟಿ ತೋರಿಸಿದ. ಮೊನ್ನೆ ನೋಡಿಸಿದ ರಕ್ತದೊತ್ತಡ ಎಷ್ಟು ಇಳಿದಿದೆ ಎಂದ, ಚೆಲ್ಲಿದ ಹಾಲು ಒರೆಸಿದ್ದನ್ನು ಹೇಳಿದ. ನಾದಿನಿ ಒಮ್ಮೆ ಕಿವಿ ಮುಚ್ಚಿಕೊಂಡಳು. ಷಡ್ಡಕ ಅಂಗೈ ಕೆಳಗೆ ಮಾಡಿ ಮೆಲ್ಲಗೆ, ಮೆಲ್ಲಗೆ ಎಂದ. ಆಗ ಅವನು ನಕ್ಕು ದನಿ ತಗ್ಗಿಸಿದ. ಹಾಗೆ ನಗುತ್ತ ತಗ್ಗಿಸಿದ್ದನ್ನೂ ಅವರು ಗಮನಿಸಲಿ ಎಂದು ಒಂದು ಕ್ಷಣ ಸುಮ್ಮನಾದ. ನಾನು ಬೇರೆಯೇ ಮನುಷ್ಯ ಕಣೇ, ಇಷ್ಟು ವರ್ಷ ನೀನು ನೋಡಿದ್ದು ನನ್ನನ್ನಲ್ಲ, ಎಂದ. ಮಗಳು ಅಮ್ಮನ ಮುಖ ನೋಡಿದಳು. ಹೆಂಡತಿ ಉಂಡೆ ಒತ್ತುವುದನ್ನು ನಿಲ್ಲಿಸಿರಲಿಲ್ಲ.

“ನಾನೂ ಅಲ್ಲೇ ಇದ್ನಲ್ಲ,” ಅಂದಳು.

ಅವನಿಗೆ ತಟ್ಟನೆ ಅರ್ಥವಾಗಲಿಲ್ಲ. ಎಲ್ಲಿ ಎಂದು ಕೇಳಿದ. ಶೆಡ್ಡಲ್ಲಿ, ಎಂದಳು. ನೀವು ಕೆಲಸಕ್ಕೆ ಸೇರಿದ ವರ್ಷವೇ ನಾನೂ ಸೇರಿದ್ದು. ಕೈ ಮುರಿಯುವ ದಿನದವರೆಗೂ ಅದೇ ಪಾಳಿ, ಅದೇ ಸದ್ದು. ಎಷ್ಟು ಸರಳ. ಅವನು ಬಾಯಿ ತೆರೆದ. ಇಷ್ಟು ದಿನ ಮಲಗಿ, ಎದ್ದು, ಹಲ್ಲುಜ್ಜಿ, ಬಸ್ಸಿನಲ್ಲಿ ಲೋಕಕ್ಕೆಲ್ಲ ಕ್ಷಮೆ ಹಂಚಿದವನಿಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ನಾಲ್ಕು ಮಗ್ಗದ ನಡುವೆ ನಿಂತ ಅವಳನ್ನು ಸಾವಿರ ಸಲ ನೋಡಿದ್ದ. ಅವಳಿಗೂ ಎರಡು ಕಿವಿ ಇವೆ ಎಂಬುದನ್ನು ನೋಡಿರಲಿಲ್ಲ. ಹೆಂಗಸರ ಮೈ ಬೇರೆ, ಎಂದ. ನೀನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ, ಎಂದ.

“ನಂಗೂ ತಲೆ ಸಿಡೀತಿತ್ತು,” ಅವಳು ದನಿ ಏರಿಸದೆ ಹೇಳಿದಳು. “ಮನೆಗೆ ಬಂದ್ರೆ ಯಾರಿಗಾದ್ರೂ ನಾಲ್ಕು ಬಾರಿಸ್ಬೇಕು ಅನ್ನಿಸ್ತಿತ್ತು. ಒಂದ್ಸಲ ಇವಳಿಗೆ ಕೈ ಎತ್ತಿದ್ದೂ ಉಂಟು. ಇವಳು ಕಣ್ಣು ಮುಚ್ಕೊಂಡ್ಳು. ಆಮೇಲೆ ಯಾವತ್ತೂ ಎತ್ಲಿಲ್ಲ.”

ಅವನು ಮಗಳ ಕಡೆ ತಿರುಗಿದ. ಮಗಳು ಮೇಜು ನೋಡುತ್ತಿದ್ದಳು. ಎಲ್ಲರಿಗೂ ಒಂದೇ ರೀತಿ ಆಗುವುದಿಲ್ಲ, ಡಾಕ್ಟರಮ್ಮನೇ ಹೇಳಿದ್ದಾಳೆ, ಎಂದು ಅವನು ಇನ್ನೊಮ್ಮೆ ಹೊರಟ. ಅದು ಸುಳ್ಳೂ ಅಲ್ಲ. ಅವಳು ಕಾದಳು, ಶೆಡ್ಡಿನಲ್ಲಿ ಒಬ್ಬರ ತುಟಿ ನಿಲ್ಲುವವರೆಗೆ ಇನ್ನೊಬ್ಬರು ಕಾಯುವ ಹಾಗೆ ಕಾದು, ಅವನದು ನಿಂತ ಮೇಲೆ ಹೇಳಿದಳು.

“ಆಗ್ಲಿ. ಸದ್ದು ಇದ್ದಿದ್ದು ಶೆಡ್ಡಲ್ಲಿ. ಅಲ್ಲಿ ಯಾರಿಗಾದ್ರೂ ನೀವು ಕೈ ಎತ್ತಿದ್ದು ನಾನು ನೋಡಿಲ್ಲ. ಮ್ಯಾನೇಜರ್ ನಿಮ್ಮ ಮುಖಕ್ಕೆ ಬಟ್ಟೆ ಎಸೆದ್ರು. ನೀವು ನಕ್ರಿ. ಅಷ್ಟು ಸದ್ದಲ್ಲೂ ಯಾರಿಗೆ ಹೊಡೀಬಾರ್ದು ಅಂತ ನಿಮಗೆ ಗೊತ್ತಿತ್ತು.”

ಅವನು ನಕ್ಕಿದ್ದ. ಹೌದು. ಮೂಗಿನ ಮೇಲೆ ನೂಲಿನ ಎಳೆ ಅಂಟಿಕೊಂಡಿತ್ತು, ಅದನ್ನೂ ತೆಗೆಯದೆ ಹಲ್ಲು ಬಿಟ್ಟಿದ್ದ. ಬಡವನ ಕೋಪ ದವಡೆಗೆ ಮೂಲ ಎಂದು ಯಾರೂ ಅವನಿಗೆ ಆ ಗಳಿಗೆಯಲ್ಲಿ ನೆನಪಿಸಬೇಕಾಗಿರಲಿಲ್ಲ, ಮೈಗೇ ಗೊತ್ತಿತ್ತು. ಸುತ್ತ ಮಗ್ಗಗಳು ನೆಲ ಬಿರಿಯುವಂತೆ ಬಡಿಯುತ್ತಿದ್ದವು, ಎದೆ ಹೊಡೆದುಕೊಳ್ಳುತ್ತಿತ್ತು, ಕೈಯಲ್ಲಿ ಸ್ಪ್ಯಾನರ್ ಇತ್ತು, ಆದರೂ ಕೈ ಇದ್ದಲ್ಲೇ ಇತ್ತು. ಇವಳು ಅದನ್ನು ನೋಡಿದ್ದಳು. ಇಷ್ಟು ವರ್ಷ ನೋಡಿಟ್ಟುಕೊಂಡಿದ್ದಳು. ಈಗ ತಂಗಿಯ ಎದುರಿಗೆ, ಈ ಸಪ್ಪೆಯ ಎದುರಿಗೆ, ಮಗಳ ಎದುರಿಗೆ ತೆಗೆದು ಹೇಳಿದಳು. ಷಡ್ಡಕ ಗಾಜಿನ ಮೇಲೆ ಬಗ್ಗಿದ್ದ, ಆದರೆ ಉಜ್ಜುತ್ತಿರಲಿಲ್ಲ. ಬೀದಿಯಲ್ಲಿ ಒಂದು ಸೈಕಲ್ಲೂ ಹೋಗುತ್ತಿರಲಿಲ್ಲ. ಮೇಸ್ತ್ರಿಯ ಮುರುಕು ಕಿವಿಗೂ ಕೋಣೆಯ ಮೌನ ಪೂರ್ತಿ ತಲುಪುತ್ತಿತ್ತು. ಆ ಮೌನದಲ್ಲೇ, ಹೊಟ್ಟೆಯ ಕೆಳಗೆಲ್ಲೋ ಹುಟ್ಟಿ ಭುಜಕ್ಕೆ ಏರಿ ಬಂದ ಬಿಸಿ ಅವನಿಗೆ ಚೆನ್ನಾಗಿ ಪರಿಚಯದ್ದು.

ಮಗಳು ಮುಂದಕ್ಕೆ ಬಾಗಿ, ಮೇಜಿನ ಮೇಲಿದ್ದ ಕನ್ನಡಕದ ಗಾಜುಗಳ ತಟ್ಟೆಯನ್ನು ಸದ್ದಾಗದಂತೆ ತನ್ನ ಕಡೆ ಎಳೆದುಕೊಂಡಳು. ನೀರಿನ ಲೋಟವನ್ನೂ. ಹೆದರಿದವರ ಗಡಿಬಿಡಿ ಇರಲಿಲ್ಲ. ಮಳೆ ಬರುವಾಗ ಒಣಗಿದ ಬಟ್ಟೆ ಎತ್ತಿಡುವ ಹಾಗೆ, ಮಾಡಿ ಮಾಡಿ ರೂಢಿಯಾದ ಕೆಲಸ. ಅವಳು ಯಾಕೆ ಹಾಗೆ ಮಾಡಿದಳೆಂದು ತಿಳಿಯಲು ಅವನು ಅವಳ ದೃಷ್ಟಿ ಹೋದ ಕಡೆ ನೋಡಿದ. ಅಲ್ಲಿ ಅವನ ಬಲಗೈ ಇತ್ತು, ಭುಜದ ಮೇಲಕ್ಕೆ ಎದ್ದು.

ಮಗ್ಗ ಇರಲಿಲ್ಲ. ಸದ್ದು ಇರಲಿಲ್ಲ. ರಕ್ತದೊತ್ತಡ ಇಳಿದಿತ್ತು, ನಿದ್ದೆ ಚೆನ್ನಾಗಿ ಆಗಿತ್ತು. ಕಾರಣಗಳೆಲ್ಲ ಒಂದೊಂದಾಗಿ ಎದ್ದು ಹೊರಗೆ ಹೋದ ಮೇಲೂ ಕೈ ಮಾತ್ರ ಅಲ್ಲಿ ನಿಂತಿತ್ತು, ಹೊಡೆಯಲು ತಯಾರಾಗಿ. ಅವನಿಗೆ ಭಯಂಕರ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಇನ್ನೊಂದು ಆಯಿತು. ಅದನ್ನು ಏನೆನ್ನಬೇಕೋ ಅವನಿಗೆ ತಿಳಿಯಲಿಲ್ಲ, ಒಂದು ಬಗೆಯ ಉದ್ರೇಕ. ಯಾಕೆಂದರೆ ಎತ್ತಿದ ಕೈಯನ್ನು ಅವನು ಇಷ್ಟು ಹೊತ್ತು ಎಂದೂ ನೋಡಿರಲಿಲ್ಲ. ಎತ್ತುವುದು, ಬೀಳುವುದು ಒಂದೇ ಎಂದು ತಿಳಿದಿದ್ದ. ನಡುವೆ ಇಷ್ಟು ಜಾಗ ಇದೆ. ಯಾವಾಗಲೂ ಇತ್ತೇ? ಆ ಸಂಜೆ ಬಾಗಿಲಲ್ಲೂ ಇತ್ತೇ? ಇದ್ದಿರಬೇಕು. ಮ್ಯಾನೇಜರನ ಮುಂದೆ ಇತ್ತಲ್ಲ. ಅವನು ಕೈಯನ್ನು ಇಳಿಸಿದ. ಭಾರದ ವಸ್ತುವನ್ನು ಕಪಾಟಿನ ಮೇಲಿನಿಂದ ಇಳಿಸುವವನಂತೆ, ಬಹಳ ಜೋಪಾನವಾಗಿ ಇಳಿಸಿ ತೊಡೆಯ ಪಕ್ಕದಲ್ಲಿಟ್ಟುಕೊಂಡ. ಹೆಂಡತಿ ಅದು ಇಳಿಯುವುದನ್ನು ಕೊನೆಯವರೆಗೂ ನೋಡಿದಳು. ಅವಳು ಗೋಡೆಯಿಂದ ಕದಲಿರಲಿಲ್ಲ, ಆದರೆ ಕೆಟ್ಟ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

ಹೇಳಲು ತಂದಿದ್ದೆಲ್ಲ ಮುಗಿದಿತ್ತು. ಕ್ಷಮಿಸು ಎನ್ನಬಹುದಿತ್ತು, ಆ ಮಾತನ್ನು ಹಿಂದೆ ಎಷ್ಟು ಸಲ ಬಳಸಿದ್ದನೆಂದರೆ ಅದರಲ್ಲಿ ಸತ್ವ ಉಳಿದಿರಲಿಲ್ಲ. ಸೋಮವಾರ ಶೆಡ್ಡು ಶುರು, ಎಂದಷ್ಟೇ ಹೇಳಿದ. ನಿಜಕ್ಕೂ ಮೆಲ್ಲಗೆ ಹೇಳಿದನೇನೋ, ಈ ಸಲ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.

“ಗೊತ್ತು. ಬರ್ತೀನಿ,” ಅಂದಳು.

ಅವನ ಮುಖ ಅರಳಿತು. ಅರಳಿದ್ದು ಅವನಿಗೇ ಗೊತ್ತಾಯಿತು, ತಡೆಯಲಾಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟ. ಅವಳು ಬೆನ್ನ ಹಿಂದಿನ ಕೈಯನ್ನು ಹೊರಗೆ ತಂದು, ಉಂಡೆಯನ್ನು ಮತ್ತೆ ಒತ್ತತೊಡಗಿದಳು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

“ಶೆಡ್ಡಿಗೆ ಬರ್ತೀನಿ. ನಾಲ್ಕಾಗದಿದ್ರೆ ಎರಡು ಮಗ್ಗ ನೋಡ್ಕೋತೀನಿ. ಮನೆಗಲ್ಲ.”